ಮೇಡಂ ಕ್ಯೂರಿಯ ಜೀವನವೂ ನಮ್ಮ ಮನೆಗಳ ಗಾಳಿಯೂ

ಪಾಠಶಾಲೆಗಳ ಗೋಡೆಗಳ ಮೇಲೆ ತೂಗುಹಾಕುವ ಚಿತ್ರಗಳಲ್ಲಿ ಮೇಡಂ ಕ್ಯೂರಿಯ ಚಿತ್ರವೂ ಒಂದು. ಕಪ್ಪು ಉಡುಪು, ಹಿಂದಕ್ಕೆ ಬಾಚಿ ಕಟ್ಟಿದ ಕೂದಲು, ನಗೆಯಿಲ್ಲದ ಮುಖ. ಆಕೆಯು ರೇಡಿಯಂ ಎಂಬ ಮೂಲವಸ್ತುವನ್ನು ಕಂಡುಹಿಡಿದಳೆಂದೂ ಎರಡು ಸಾರಿ ನೊಬೆಲ್ ಪಾರಿತೋಷಕವನ್ನು ಪಡೆದಳೆಂದೂ ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಆದರೆ ಆ ರೇಡಿಯಮ್ಮಿನಿಂದ ಎಡೆಬಿಡದೆ ಹೊರಹೊಮ್ಮುವ, ಕಣ್ಣಿಗೆ ಕಾಣದ, ವಾಸನೆಯೂ ರುಚಿಯೂ ಇಲ್ಲದ ಒಂದು ಅನಿಲವುಂಟೆಂಬುದನ್ನೂ, ಅದು ಭೂಮಿಯೊಳಗಿಂದ ಎದ್ದು ಮನೆಗಳನ್ನು ಹೊಗುವುದೆಂಬುದನ್ನೂ, ಅದನ್ನು ಅಳೆಯುವ ಮಾನವೊಂದಕ್ಕೆ ಕ್ಯೂರಿ ಎಂಬ ಹೆಸರೇ ಇಡಲ್ಪಟ್ಟಿತೆಂಬುದನ್ನೂ ಬಲ್ಲವರು ವಿರಳ. ಆದಕಾರಣ ಈ ಸಂಚಿಕೆಯಲ್ಲಿ ಆಕೆಯ ಚರಿತ್ರೆಯನ್ನು ಆ ಅನಿಲದ ಜಾಡನ್ನೇ ಹಿಡಿದು ಹೇಳಲಿಚ್ಛಿಸುತ್ತೇವೆ.

ಪೋಲೆಂಡ್ ದೇಶದ ವಾರ್ಸಾ ಪಟ್ಟಣದಲ್ಲಿ ೧೮೬೭ನೆಯ ಇಸವಿ ನವೆಂಬರ್ ೭ನೆಯ ತಾರೀಖಿನಲ್ಲಿ ಮರಿಯಾ ಸ್ಕ್ಲೊಡೊವ್ಸ್ಕಾ ಐದು ಮಂದಿ ಮಕ್ಕಳಲ್ಲಿ ಕಿರಿಯವಳಾಗಿ ಜನಿಸಿದಳು. ತಂದೆಯು ಗಣಿತ ಮತ್ತು ಭೌತಶಾಸ್ತ್ರಗಳ ಉಪಾಧ್ಯಾಯನು. ತಾಯಿಯು ಹೆಣ್ಣುಮಕ್ಕಳ ವಸತಿಪಾಠಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ಆ ಕಾಲದಲ್ಲಿ ಪೋಲೆಂಡಿನ ಆ ಭಾಗವು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಶಾಲೆಗಳಲ್ಲಿ ಮಕ್ಕಳು ತಮ್ಮ ತಾಯ್ನುಡಿಯಲ್ಲಿ ಕಲಿಯಲಾಗದು, ತಮ್ಮ ನಾಡಿನ ಚರಿತ್ರೆಯನ್ನು ಓದಲಾಗದು. ಮರಿಯಾ ಓದುತ್ತಿದ್ದ ಶಾಲೆಯಲ್ಲಿ ಉಪಾಧ್ಯಾಯಿನಿಯರು ಗುಟ್ಟಾಗಿ ಪೋಲಿಷ್ ಚರಿತ್ರೆಯನ್ನು ಹೇಳಿಕೊಡುತ್ತಿದ್ದರು; ಇನ್‌ಸ್ಪೆಕ್ಟರನು ಬರುವ ಸುಳಿವು ಸಿಕ್ಕೊಡನೆ ಪುಸ್ತಕಗಳು ಮಾಯವಾಗಿ, ಹುಡುಗಿಯರ ಕೈಗೆ ಸೂಜಿದಾರಗಳು ಬರುತ್ತಿದ್ದುವು. ಚುರುಕಾದ ಹುಡುಗಿಯೆಂದು ಮರಿಯಾಳನ್ನೇ ಎಬ್ಬಿಸಿ ನಿಲ್ಲಿಸುವರು. ಆಕೆ ರಷ್ಯನ್ ಭಾಷೆಯಲ್ಲಿ ಚಕ್ರವರ್ತಿಗಳ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸುವಳು. ಇನ್‌ಸ್ಪೆಕ್ಟರರ ಆಗಮನವೆಂದರೆ ಯಾವ ದೇಶದ ಶಾಲೆಗೂ ಅಷ್ಟಿಷ್ಟು ನಡುಕವೇ ಸರಿ. ಆದರೆ ಅಲ್ಲಿ ಸಿಕ್ಕಿಬಿದ್ದರೆ ಉಪಾಧ್ಯಾಯಿನಿಯರ ಜೀವನಕ್ಕೇ ಸಂಚಕಾರವಿತ್ತು.

ಆ ಮನೆಯೊಳಗೆ ಬೇರೊಂದು ಭಯವೂ ವಾಸವಾಗಿತ್ತು. ತಾಯಿಗೆ ಕ್ಷಯರೋಗ. ತನ್ನ ಉಸಿರಿನಿಂದ ಮಕ್ಕಳಿಗೆ ಸೋಂಕು ತಗಲೀತೆಂದು ಆ ತಾಯಿಯು ತನ್ನ ಊಟದ ಪಾತ್ರೆಗಳನ್ನು ಬೇರೆ ಇಟ್ಟುಕೊಂಡಿದ್ದಳು. ಕಿರಿಯ ಮಗಳನ್ನು ಅಪ್ಪಿ ಮುದ್ದಿಡುತ್ತಿರಲಿಲ್ಲ. ಕಾರಣವನ್ನರಿಯದ ಮಗುವು ತಾಯಿಯ ತೊಡೆಗೆ ಒರಗಿದರೆ ಹಣೆಯ ಮೇಲೆ ಕೈಯಾಡಿಸಿ ಮೆಲ್ಲನೆ ದೂರ ಸರಿಸುತ್ತಿದ್ದಳು. ಹಿರಿಯ ಅಕ್ಕ ಜೋಫಿಯಾ ವಿಷಮಜ್ವರಕ್ಕೆ ತುತ್ತಾದಳು. ೧೮೭೮ರಲ್ಲಿ ತಾಯಿಯೂ ತೀರಿಕೊಂಡಳು. ಹತ್ತು ವರ್ಷದ ಮರಿಯಾಳ ಭಕ್ತಿಯು ಆ ದುಃಖದಲ್ಲಿ ಕುಂದಿತು. ಮುಂದೆ ಆಕೆ ದೇವಾಲಯದ ಆರಾಧನೆಗೆ ಹಿಂದಿರುಗಲಿಲ್ಲ. ಮಿಷನ್ ಶಾಲೆಯ ಸಂಚಿಕೆಯೆಂದು ಈ ಸಂಗತಿಯನ್ನು ಮರೆಮಾಡುವುದು ನಮಗೆ ಸರಿದೋರುವುದಿಲ್ಲ. ಆಕೆಯ ಬಾಳಿನಲ್ಲಿದ್ದ ತ್ಯಾಗವನ್ನು ನೋಡಿದರೆ, ನಂಬಿಕೆಯುಳ್ಳವರೆಂದು ಹೇಳಿಕೊಳ್ಳುವ ನಾವು ಕಲಿಯಬೇಕಾದುದು ಬಹಳವಿದೆ.

೧೮೮೩ರಲ್ಲಿ ಚಿನ್ನದ ಪದಕದೊಡನೆ ಶಾಲೆಯ ವ್ಯಾಸಂಗವನ್ನು ಮುಗಿಸಿದರೂ ವಾರ್ಸಾದ ವಿಶ್ವವಿದ್ಯಾನಿಲಯವು ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಕ ಬ್ರೋನಿಯಾಳಿಗೆ ಪ್ಯಾರಿಸಿನಲ್ಲಿ ವೈದ್ಯವನ್ನು ಕಲಿಯುವ ಆಸೆ. ಅಕ್ಕತಂಗಿಯರು ಒಂದು ಒಪ್ಪಂದವನ್ನು ಮಾಡಿಕೊಂಡರು: ಮೊದಲು ತಂಗಿಯು ದುಡಿದು ಅಕ್ಕನನ್ನು ಓದಿಸುವುದು, ಆ ಬಳಿಕ ಅಕ್ಕನು ತಂಗಿಯನ್ನು ಕರೆಸಿಕೊಳ್ಳುವುದು. ೧೮೮೬ರಲ್ಲಿ ಮರಿಯಾ ಶ್ಚುಕಿ ಎಂಬ ಹಳ್ಳಿಯ ಒಂದು ಸ್ಥಿತಿವಂತರ ಮನೆಗೆ ಮಕ್ಕಳ ಶಿಕ್ಷಕಿಯಾಗಿ ಹೋದಳು. ಸುತ್ತಲೂ ಸಕ್ಕರೆಯ ಬೀಟ್‌ಗೆಡ್ಡೆಯ ಹೊಲಗಳು. ಹಗಲೆಲ್ಲಾ ಮನೆಯ ಮಕ್ಕಳ ಪಾಠ. ಅದು ಮುಗಿದ ಮೇಲೆ ಹೊಲದ ಕೂಲಿಗಾರರ ಮಕ್ಕಳನ್ನು ತನ್ನ ಕೋಣೆಗೆ ಕರೆಸಿ, ಪೋಲಿಷ್ ಅಕ್ಷರಗಳನ್ನು ತಿದ್ದಿಸುವಳು. ಸರಕಾರಕ್ಕೆ ತಿಳಿದಿದ್ದರೆ ಶಿಕ್ಷೆ ತಪ್ಪುತ್ತಿರಲಿಲ್ಲ. ನೊಬೆಲ್ ಪಾರಿತೋಷಕಗಳಿಗಿಂತಲೂ ಈ ಕೋಣೆಯ ಪಾಠಶಾಲೆಯೇ ನಮ್ಮ ಮನಸ್ಸಿಗೆ ಹತ್ತಿರವೆಂದು ಹೇಳಿದರೆ ಹಳೆಯ ವಿದ್ಯಾರ್ಥಿನಿಯರು ನಗಲಾರರೆಂದು ನಂಬುತ್ತೇವೆ.

೧೮೯೧ರಲ್ಲಿ ಆಕೆಯ ಸರದಿ ಬಂದಿತು. ಪ್ಯಾರಿಸಿನ ಸೊರ್ಬಾನ್ ವಿದ್ಯಾಪೀಠದಲ್ಲಿ ಮರಿಯಾ ಮೇರಿಯಾದಳು. ಚಳಿಯ ಅಟ್ಟದ ಕೋಣೆ, ರೊಟ್ಟಿ ಮತ್ತು ಚಹದ ಊಟ. ೧೮೯೩ರಲ್ಲಿ ಭೌತಶಾಸ್ತ್ರದಲ್ಲಿ ಮೊದಲನೆಯವಳಾಗಿಯೂ ಮರುವರ್ಷ ಗಣಿತದಲ್ಲಿ ಎರಡನೆಯವಳಾಗಿಯೂ ತೇರ್ಗಡೆ ಹೊಂದಿದಳು. ೧೮೯೫ರ ಜುಲೈ ತಿಂಗಳಿನಲ್ಲಿ ಪಿಯೇರ್ ಕ್ಯೂರಿ ಎಂಬ ಶಾಂತಸ್ವಭಾವದ ವಿಜ್ಞಾನಿಯನ್ನು ಮದುವೆಯಾದಳು. ಮದುವೆಯ ಉಡುಗೊರೆಯಾಗಿ ಬಂದ ಹಣದಲ್ಲಿ ಎರಡು ಬೈಸಿಕಲ್ಲುಗಳನ್ನು ಕೊಂಡು, ದಂಪತಿಗಳು ಅವುಗಳ ಮೇಲೆಯೇ ಹಳ್ಳಿಗಾಡಿನಲ್ಲಿ ಸುತ್ತಾಡಿದರು.

ಇಲ್ಲಿಂದ ಮುಂದಿನದು ಅಳತೆಯ ಕಥೆ. ೧೮೯೬ರಲ್ಲಿ ಬೆಕೆರೆಲ್ ಎಂಬ ಪಂಡಿತನು ಯುರೇನಿಯಂ ಲವಣಗಳಿಂದ ಕಾಣದ ಕಿರಣಗಳು ಹೊರಡುತ್ತವೆಂದು ಕಂಡಿದ್ದನು. ಛಾಯಾಚಿತ್ರದ ಗಾಜಿನ ಮೇಲೆ ಅವು ಮೂಡಿಸುವ ಕಲೆಯೇ ಆತನ ಮುಖ್ಯ ಸಾಕ್ಷಿ. ಕಲೆಯು ಇದೆ ಅಥವಾ ಇಲ್ಲ ಎಂಬುದರಿಂದ ಮೇರಿಗೆ ತೃಪ್ತಿಯಾಗಲಿಲ್ಲ. ಎಷ್ಟಿದೆ ಎಂಬುದು ಆಕೆಗೆ ಬೇಕಾಗಿತ್ತು. ಆ ಕಿರಣಗಳು ಗಾಳಿಯಲ್ಲಿ ಹಾಯ್ದಾಗ ಅದರೊಳಗೆ ಅತ್ಯಲ್ಪವಾದ ವಿದ್ಯುತ್ತು ಹರಿಯುತ್ತದೆ. ಪಿಯೇರನೂ ಆತನ ಅಣ್ಣನೂ ಹಿಂದೆಯೇ ರಚಿಸಿದ್ದ ಒಂದು ಉಪಕರಣದಲ್ಲಿ ಸ್ಫಟಿಕದ ತೆಳುಹಲಗೆಗೆ ತೂಕದ ಬಟ್ಟುಗಳನ್ನು ತೂಗುಹಾಕಿದರೆ ನಿಯತವಾದ ವಿದ್ಯುತ್ತು ಹುಟ್ಟುತ್ತಿತ್ತು. ಒಂದನ್ನು ಇನ್ನೊಂದರಿಂದ ಸರಿದೂಗಿಸಿ, ಗಡಿಯಾರವನ್ನು ಹಿಡಿದು ಕಾಲವನ್ನು ಗುರುತಿಸಿಕೊಂಡರೆ ಕಿರಣಗಳ ಬಲವು ಅಂಕೆಗಳಲ್ಲಿ ದೊರಕುವುದು. ಕೈ ನಡುಗದೆ, ಗಮನ ತಪ್ಪದೆ ಮಾಡಬೇಕಾದ ಕೆಲಸ. ಆಕೆ ಕೈಗೆ ಸಿಕ್ಕಿದ ಲೋಹ, ಲವಣ, ಕಲ್ಲುಗಳನ್ನೆಲ್ಲಾ ಹೀಗೆ ಅಳೆದಳು. ಪಿಚ್‌ಬ್ಲೆಂಡ್ ಎಂಬ ಕರಿಯ ಅದಿರು, ಅದರಲ್ಲಿದ್ದ ಯುರೇನಿಯಮ್ಮಿನಿಂದ ನಿರೀಕ್ಷಿಸಬಹುದಾದುದಕ್ಕಿಂತ ಎಷ್ಟೋ ಹೆಚ್ಚಿನ ಬಲವನ್ನು ತೋರಿಸಿತು. ಅಳತೆಯು ತಪ್ಪಿರಬೇಕೆಂದು ಮತ್ತೆ ಮತ್ತೆ ಅಳೆದಳು. ತಪ್ಪಿರಲಿಲ್ಲ. ಅದಿರಿನಲ್ಲಿ ಅದುವರೆಗೆ ಯಾರೂ ಅರಿಯದ ಮೂಲವಸ್ತುವೊಂದು ಅಡಗಿರಲೇಬೇಕೆಂದು ನಿಶ್ಚಯಿಸಿದಳು. ಪಿಯೇರನು ತನ್ನ ಕೆಲಸವನ್ನು ಬಿಟ್ಟು ಹೆಂಡತಿಯ ಕೆಲಸಕ್ಕೆ ಸೇರಿದನು. ೧೮೯೮ರ ಜುಲೈ ತಿಂಗಳಿನಲ್ಲಿ ಪೊಲೋನಿಯಮ್ಮನ್ನೂ ಡಿಸೆಂಬರ್ ತಿಂಗಳಿನಲ್ಲಿ ರೇಡಿಯಮ್ಮನ್ನೂ ಲೋಕಕ್ಕೆ ಸಾರಿದರು. ಮೊದಲನೆಯದಕ್ಕೆ ಆಕೆಯ ತಾಯ್ನಾಡಿನ ಹೆಸರು.

ಆ ಅದಿರು ಎಲ್ಲಿಂದ ಬಂದಿತೆಂಬುದನ್ನು ಹೇಳದೆ ಮುಂದೆ ಹೋಗಲಾಗದು. ಬೊಹೀಮಿಯದ ಬೆಟ್ಟಗಳ ನಡುವೆ ಯೋಆಖಿಮ್ಸ್‌ಟಾಲ್ ಎಂಬ ಸಣ್ಣ ಊರುಂಟು. ಚೆಕ್ ಭಾಷೆಯಲ್ಲಿ ಅದಕ್ಕೆ ಯಾಖಿಮೊವ್ ಎಂದು ಹೆಸರು. ೧೫೧೬ರಲ್ಲಿ ಬೆಳ್ಳಿಯ ಗಣಿಗಾಗಿ ಹುಟ್ಟಿದ ಊರದು. ಅಲ್ಲಿ ಅಚ್ಚಾದ ಥಾಲರ್ ನಾಣ್ಯದ ಹೆಸರೇ ಡಾಲರ್ ಎಂದು ಮಾರ್ಪಟ್ಟಿತು. ೧೫೨೭ರಲ್ಲಿ ಅಗ್ರಿಕೋಲಾ ಎಂಬ ವಿದ್ವಾಂಸನು, ಪೂರ್ವದಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದವನು, ಈ ಊರಿಗೆ ವೈದ್ಯನಾಗಿ ಬಂದನು. ಗಣಿಗಳ ಧೂಳು ಕೆಲಸಗಾರರ ಶ್ವಾಸಕೋಶಗಳನ್ನು ಹೇಗೆ ಹಾಳುಮಾಡುವುದೆಂಬುದನ್ನೂ, ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಒಬ್ಬೊಬ್ಬ ಹೆಂಗಸು ಏಳು ಮಂದಿ ಗಂಡಂದಿರನ್ನು ಕಳೆದುಕೊಂಡದ್ದುಂಟೆಂಬುದನ್ನೂ ಆತನು ಬರೆದಿಟ್ಟನು. ಆ ಗ್ರಂಥವು ಆತನ ಮರಣಾನಂತರ ೧೫೫೬ರಲ್ಲಿ ಅಚ್ಚಾಯಿತು. ಬೆಟ್ಟದ ಆಚೆಯ ಮಗ್ಗುಲಿನ ಷ್ನೇಬೆರ್ಗ್ ಎಂಬ ಊರಿನಲ್ಲಿಯೂ ಗಣಿಯವರು ನಡುವಯಸ್ಸಿನಲ್ಲೇ ಕೆಮ್ಮಿ ಸಾಯುತ್ತಿದ್ದರು. ೧೮೭೯ರಲ್ಲಿ ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು ಅದು ಶ್ವಾಸಕೋಶದೊಳಗಿನ ದುರ್ಮಾಂಸದ ಗಡ್ಡೆಯೆಂದು ತೋರಿಸಿದರು. ಗಡ್ಡೆಗೆ ಕಾರಣವು ಅವರಿಗೂ ತಿಳಿಯಲಿಲ್ಲ.

ಯೋಆಖಿಮ್ಸ್‌ಟಾಲಿನಲ್ಲಿ ಗಾಜಿಗೆ ಬಣ್ಣಕೊಡಲು ಯುರೇನಿಯಮ್ಮನ್ನು ತೆಗೆದುಕೊಂಡು, ಉಳಿದ ಗಸಿಯನ್ನು ಪೈನ್ ಕಾಡಿನಲ್ಲಿ ಸುರಿದುಬಿಡುತ್ತಿದ್ದರು. ಯಾರಿಗೂ ಬೇಡವಾದ ಆ ಗಸಿಯನ್ನೇ ಕ್ಯೂರಿ ದಂಪತಿಗಳು ಬೇಡಿ ತರಿಸಿಕೊಂಡರು. ಪೈನ್ ಮರದ ಸೂಜಿಯೆಲೆಗಳು ಬೆರೆತ ಕಂದುಬಣ್ಣದ ಮಣ್ಣು ಮೂಟೆಮೂಟೆಯಾಗಿ ಪ್ಯಾರಿಸಿಗೆ ಬಂದಿಳಿಯಿತು. ಕೆಲಸಕ್ಕೆ ಸಿಕ್ಕಿದ ಸ್ಥಳವು ಹಿಂದೆ ವೈದ್ಯವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ ಒಂದು ಹಳೆಯ ಕೊಟ್ಟಿಗೆ. ಗಾಜಿನ ಸೂರು ಮಳೆಗೆ ಸೋರುವುದು. ಹೊಗೆ ಹೊರಹೋಗಲು ಚಿಮಣಿಯಿಲ್ಲ. ಆದುದರಿಂದ ಅಂಗಳದಲ್ಲಿಯೇ ದೊಡ್ಡ ಕಡಾಯಿಗಳನ್ನಿಟ್ಟು, ಒಂದು ಸಾರಿಗೆ ೨೦ ಕಿಲೋಗ್ರಾಮಿನಷ್ಟು ವಸ್ತುವನ್ನು ಕುದಿಸಿ, ತನ್ನೆತ್ತರದ ಕಬ್ಬಿಣದ ಸಲಾಕೆಯಿಂದ ಮೇರಿಯು ಕದಡುತ್ತಿದ್ದಳು. ಮಳೆ ಬಂದರೆ ಒಳಗೆ. ಆಗ ಕಿಟಕಿಗಳೆಲ್ಲಾ ತೆರೆದಿರಬೇಕು. ಹಲವು ಟನ್ನು ಗಸಿಯನ್ನು ಹೀಗೆ ಸಂಸ್ಕರಿಸಿ, ೧೯೦೨ರಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟು ಶುದ್ಧ ರೇಡಿಯಂ ಲವಣವನ್ನು ಪಡೆದಳು. ರಾತ್ರಿಯಲ್ಲಿ ಗಂಡಹೆಂಡಿರು ದೀಪವಿಲ್ಲದೆ ಅಲ್ಲಿಗೆ ಹೋಗಿ, ಸೀಸೆಗಳು ಮಂಕಾಗಿ ಹೊಳೆಯುವುದನ್ನು ನೋಡುತ್ತಾ ಕುಳಿತಿರುತ್ತಿದ್ದರು.

ಆ ಕೊಟ್ಟಿಗೆಯಲ್ಲಿ ಒಂದು ಸೋಜಿಗವು ಆಕೆಯ ಕೆಲಸಕ್ಕೇ ಅಡ್ಡಬಂದಿತು. ರೇಡಿಯಮ್ಮಿನ ಬಳಿಯಲ್ಲಿದ್ದ ವಸ್ತುಗಳೆಲ್ಲವೂ ತಾವೇ ಕಿರಣಗಳನ್ನು ಸೂಸತೊಡಗಿದುವು: ಧೂಳು, ಕೋಣೆಯ ಗಾಳಿ, ಉಟ್ಟ ಬಟ್ಟೆ. ಅಳೆಯುವ ಉಪಕರಣವೂ ಅದರಿಂದ ಕೆಟ್ಟು, ಸೂಕ್ಷ್ಮವಾದ ಅಳತೆಗಳು ಕಷ್ಟವಾದುವು. ೧೮೯೯ರಲ್ಲಿ ದಂಪತಿಗಳು ಇದನ್ನು ಪ್ರಕಟಿಸಿದರು. ಅದರ ಮರುವರ್ಷ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ರುದರ್‌ಫರ್ಡನು ಥೋರಿಯಂ ಎಂಬ ಧಾತುವಿನಿಂದಲೂ, ಜರ್ಮನಿಯಲ್ಲಿ ಡಾರ್ನನು ರೇಡಿಯಮ್ಮಿನಿಂದಲೂ ಒಂದು ಬಗೆಯ ಆವಿ ಹೊರಬರುವುದನ್ನು ಕಂಡರು. ರೇಡಿಯಮ್ಮಿನ ಆ ಆವಿಯು ಗಾಳಿಗಿಂತ ಬಹಳ ಭಾರವಾದ ಅನಿಲವೆಂಬುದನ್ನು ರುದರ್‌ಫರ್ಡನೊಡನೆ ೧೯೦೧ರಲ್ಲಿ ತೋರಿಸಿದವಳು ಹ್ಯಾರಿಯೆಟ್ ಬ್ರೂಕ್ಸ್ ಎಂಬ ತರುಣಿ. ಮುಂದೆ ಕೆಲವು ಕಾಲ ಆಕೆ ಮೇಡಂ ಕ್ಯೂರಿಯ ಪ್ರಯೋಗಶಾಲೆಯಲ್ಲಿಯೂ ಕೆಲಸಮಾಡಿದಳು. ಈ ಹೆಸರನ್ನು ಪಠ್ಯಪುಸ್ತಕಗಳಲ್ಲಿ ಹುಡುಕಿದರೂ ಕಾಣುವುದು ಅಪರೂಪ.

ಆ ಅನಿಲಕ್ಕೇ ಇಂದು ರೇಡಾನ್ ಎಂದು ಹೆಸರು. ಹೊಳೆಯ ಮರಳಿನಲ್ಲಿ ಒರತೆಯನ್ನು ತೋಡಿದರೆ ನೀರು ಊರುವಂತೆ ರೇಡಿಯಮ್ಮಿನಿಂದ ಅದು ಸದಾ ಊರುತ್ತಿರುತ್ತದೆ. ತೆಗೆದಷ್ಟೂ ಮತ್ತೆ ಬರುತ್ತದೆ. ಆದರೆ ಊರಿದುದು ನಿಲ್ಲುವುದಿಲ್ಲ. ಹೆಚ್ಚುಕಡಿಮೆ ನಾಲ್ಕು ದಿನಗಳಲ್ಲಿ, ಸರಿಯಾಗಿ ಹೇಳಬೇಕಾದರೆ ೩.೮ ದಿನಗಳಲ್ಲಿ, ಅದರ ಅರ್ಧಭಾಗವು ಬೇರೆ ಧಾತುಗಳಾಗಿ ಮಾರ್ಪಡುತ್ತದೆ. ಅವುಗಳಲ್ಲಿ ಮೊದಲನೆಯದು ಪೊಲೋನಿಯಮ್ಮಿನ ಒಂದು ರೂಪ. ನೆಲದೊಳಗಿನ ಯುರೇನಿಯಂ ಕಾಲಕ್ರಮದಲ್ಲಿ ರೇಡಿಯಂ ಆಗುವುದು, ರೇಡಿಯಂ ರೇಡಾನ್ ಆಗುವುದು, ರೇಡಾನ್ ಪೊಲೋನಿಯಂ ಆಗುವುದು, ಕಡೆಯಲ್ಲಿ ಸೀಸವಾಗುವುದು. ಮೇಡಂ ಕ್ಯೂರಿಯು ಕಂಡುಹಿಡಿದ ಎರಡು ಧಾತುಗಳ ನಡುವೆ ಈ ಅನಿಲವು ಸೇತುವೆಯಂತಿದೆ. ಅನಿಲವಾಗಿರುವಾಗ ಉಸಿರಿನೊಡನೆ ಒಳಹೋಗಿ ಬಹುಪಾಲು ಉಸಿರಿನೊಡನೆಯೇ ಹೊರಬರುತ್ತದೆ; ಅದರಿಂದ ಹುಟ್ಟಿದ ಘನಕಣಗಳಾದರೋ ಧೂಳಿಗಂಟಿಕೊಂಡು ಶ್ವಾಸಕೋಶದಲ್ಲಿ ನೆಲೆನಿಂತು ಅಲ್ಲಿಯೇ ಕಿರಣಗಳನ್ನು ಬಿಡುತ್ತವೆ. ಗಣಿಯವರ ಗಡ್ಡೆಗೆ ಕಾರಣವು ಇದೇ.

೧೯೦೩ರಲ್ಲಿ ಆಕೆಗೂ ಪಿಯೇರನಿಗೂ ಬೆಕೆರೆಲನಿಗೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರಕಿತು. ೧೯೦೬ರ ಏಪ್ರಿಲ್ ೧೯ರಂದು ಪ್ಯಾರಿಸಿನ ಬೀದಿಯಲ್ಲಿ ಕುದುರೆಬಂಡಿಯ ಚಕ್ರಕ್ಕೆ ಸಿಕ್ಕಿ ಪಿಯೇರನು ಮೃತಪಟ್ಟನು. ಇಬ್ಬರು ಹೆಣ್ಣುಮಕ್ಕಳ ತಾಯಿಯು ವಿಧವೆಯಾಗಿ, ಅದೇ ವರ್ಷದ ನವೆಂಬರಿನಲ್ಲಿ ಗಂಡನ ಪೀಠದಿಂದಲೇ, ಆತನು ನಿಲ್ಲಿಸಿದ ಸ್ಥಳದಿಂದಲೇ ಪಾಠವನ್ನು ಮುಂದುವರಿಸಿದಳು. ಸೊರ್ಬಾನಿನಲ್ಲಿ ಅದುವರೆಗೆ ಹೆಂಗಸೊಬ್ಬಳು ಪಾಠ ಹೇಳಿದ್ದಿಲ್ಲ. ೧೯೧೧ರಲ್ಲಿ ರಸಾಯನಶಾಸ್ತ್ರದ ಪಾರಿತೋಷಕವು ಆಕೆಯೊಬ್ಬಳಿಗೇ ಸಂದಿತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನ ಪರಿಷತ್ತು ಆಕೆಯನ್ನು ಸದಸ್ಯಳಾಗಿ ಆರಿಸಲಿಲ್ಲ. ಪತ್ರಿಕೆಗಳು ಆಕೆಯ ಮೇಲೆ ಕೆಸರೆರಚಿದುವು. ಅದನ್ನು ಇಲ್ಲಿ ವಿಸ್ತರಿಸಲು ನಮಗೆ ಮನಸ್ಸಿಲ್ಲ.

ಆಕೆ ಶಿಕ್ಷಕಿಯಾಗಿದ್ದುದನ್ನು ಮಾತ್ರ ಬಿಡಲಾರೆವು. ೧೯೦೦ದಿಂದ ಸೆವ್ರ್ ಎಂಬಲ್ಲಿ ಉಪಾಧ್ಯಾಯಿನಿಯರನ್ನು ತರಬೇತು ಮಾಡುವ ವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನು ಪ್ರಯೋಗಗಳ ಮೂಲಕ ಕಲಿಸಿದಳು. ೧೯೦೭ರಲ್ಲಿ ತನ್ನ ಮಗಳು ಐರೀನಳಿಗೂ ಸ್ನೇಹಿತರ ಮಕ್ಕಳಿಗೂ ತಾನೇ ಪಾಠ ಹೇಳಿದಳು. ಬರಿಯ ಬಾಯಿಪಾಠವಿಲ್ಲ, ಸೀಸೆ, ನೀರು, ಕೊಳವೆಗಳೇ ಪುಸ್ತಕ. ಆಕೆ ಆ ಮಕ್ಕಳಿಗೆ ಕಲಿಸಿದ ಮೊದಲನೆಯ ಪಾಠವು ಗಾಳಿಗೂ ಶೂನ್ಯಕ್ಕೂ ಇರುವ ಭೇದವನ್ನು ಕಂಡುಕೊಳ್ಳುವುದು. ಏನೂ ಇಲ್ಲವೆಂದು ತೋರುವ ಸೀಸೆಯಲ್ಲಿಯೂ ಏನೋ ಇದೆಯೆಂದು ಮಕ್ಕಳು ತಮ್ಮ ಕೈಯಿಂದಲೇ ಅರಿತುಕೊಂಡರು.

೧೯೧೦ರಲ್ಲಿ ಬ್ರಸೆಲ್ಸ್ ನಗರದಲ್ಲಿ ಸೇರಿದ ವಿಜ್ಞಾನಿಗಳ ಸಭೆಯು ಈ ಶಾಸ್ತ್ರಕ್ಕೆ ಒಂದು ಮಾನವನ್ನು ಗೊತ್ತುಮಾಡಿತು. ಒಂದು ಗ್ರಾಂ ರೇಡಿಯಮ್ಮನ್ನು ಮುಚ್ಚಿಟ್ಟರೆ ಊರುವ ಅನಿಲವೂ ಕಳೆಯುವ ಅನಿಲವೂ ಕಡೆಗೆ ಸಮನಾಗುವುವಷ್ಟೆ. ಆಗ ಅಲ್ಲಿ ನಿಂತಿರುವ ಅನಿಲದ ಮೊತ್ತಕ್ಕೆ ಒಂದು ಕ್ಯೂರಿ ಎಂದು ಹೆಸರಿಟ್ಟರು. ಹಾಗಾಗಿ ಆ ಮಾನವು ಮೊದಲು ಹುಟ್ಟಿದುದು ಈ ಅನಿಲವನ್ನು ಅಳೆಯುವುದಕ್ಕಾಗಿಯೇ. ಇತರ ಧಾತುಗಳಿಗೆ ಅದು ವಿಸ್ತರಿಸಿದುದು ಅನಂತರ. ಒಂದು ಕ್ಯೂರಿಯೆಂದರೆ ಬಹು ದೊಡ್ಡ ಮೊತ್ತ. ಮನೆಯ ಗಾಳಿಗೆ ಅದರ ಲಕ್ಷಕೋಟಿಯಲ್ಲೊಂದು ಪಾಲಾದ ಪಿಕೋಕ್ಯೂರಿಯು ಸಾಕಾಗುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಆಕೆ ಕ್ಷ-ಕಿರಣದ ಉಪಕರಣಗಳನ್ನು ಮೋಟಾರು ಬಂಡಿಗಳಲ್ಲಿ ಹೇರಿಸಿ, ತಾನೂ ಹದಿಹರೆಯದ ಐರೀನಳೂ ಯುದ್ಧಭೂಮಿಯ ಆಸ್ಪತ್ರೆಗಳಿಗೆ ಹೋಗಿ, ಗಾಯಾಳುಗಳ ಮೈಯೊಳಗಿನ ಗುಂಡುಗಳನ್ನು ಪತ್ತೆಮಾಡಿಕೊಟ್ಟಳು. ತನ್ನಲ್ಲಿದ್ದ ಒಂದು ಗ್ರಾಂ ರೇಡಿಯಮ್ಮಿನಿಂದ ಊರುವ ಅನಿಲವನ್ನು ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿ ಮುಚ್ಚಿ, ಚಿಕಿತ್ಸೆಗಾಗಿ ಆಸ್ಪತ್ರೆಗಳಿಗೆ ಕಳುಹಿಸುತ್ತಿದ್ದಳು. ಪ್ರಾಣ ತೆಗೆಯುವ ಅನಿಲವೇ ಬೇಕಾದೆಡೆಯಲ್ಲಿ ಬೇಕಾದಷ್ಟೇ ಪ್ರಮಾಣದಲ್ಲಿದ್ದಾಗ ಔಷಧವೂ ಆಯಿತು. ಯುದ್ಧಾನಂತರ ೧೯೨೧ರಲ್ಲಿ ಅಮೆರಿಕದ ಮಹಿಳೆಯರು ಹಣ ಕೂಡಿಸಿ ಒಂದು ಗ್ರಾಂ ರೇಡಿಯಮ್ಮನ್ನು ಕೊಂಡುಕೊಟ್ಟರು. ರಾಷ್ಟ್ರಾಧ್ಯಕ್ಷ ಹಾರ್ಡಿಂಗನ ಕೈಯಿಂದ ಆಕೆ ಅದನ್ನು ಸ್ವೀಕರಿಸಿದಳು.

೧೯೨೫ರಲ್ಲಿ ಆಕೆ ಯಾಖಿಮೊವ್ ಊರನ್ನು ಕಣ್ಣಾರೆ ಕಂಡಳು. ಅಷ್ಟರಲ್ಲಿ ಆ ಊರು ರೇಡಿಯಂ ಸ್ನಾನಕ್ಕೆ ಪ್ರಸಿದ್ಧವಾಗಿ, ದೂರದೂರದಿಂದ ರೋಗಿಗಳು ಬರುತ್ತಿದ್ದರು. ಗಣಿಯವರ ಸಾವೂ ನಿಂತಿರಲಿಲ್ಲ. ೧೯೩೨ರಲ್ಲಿ ಪಿರ್ಖಾನ್ ಮತ್ತು ಷಿಕ್ಲ್ ಎಂಬ ವೈದ್ಯರು ಯಾಖಿಮೊವ್ ಗಣಿಗಾರರ ಶ್ವಾಸಕೋಶದ ಕ್ಯಾನ್ಸರಿನ ವಿಷಯವನ್ನು ವಿವರವಾಗಿ ಪ್ರಕಟಿಸಿದರು. ಗಣಿಯ ಗಾಳಿಯಲ್ಲಿದ್ದ ಅನಿಲದ ಮೇಲೆ ಸಂದೇಹವು ಬಲವಾಗುತ್ತಾ ಬಂದಿತು.

ಮೇಡಂ ಕ್ಯೂರಿಯ ಬೆರಳ ತುದಿಗಳು ಸುಟ್ಟು ಗಡಸಾಗಿದ್ದುವು. ಕಣ್ಣುಗಳಿಗೆ ಪೊರೆ ಬಂದು ಹಲವು ಸಾರಿ ಶಸ್ತ್ರಚಿಕಿತ್ಸೆ ನಡೆಯಿತು. ತನ್ನ ಪ್ರಯೋಗಶಾಲೆಯ ಕೆಲಸಗಾರರು ಇಕ್ಕುಳದಿಂದಲೇ ನಳಿಗೆಗಳನ್ನು ಹಿಡಿಯಬೇಕು, ಸೀಸದ ಮರೆಯಲ್ಲಿ ನಿಲ್ಲಬೇಕು, ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಆಕೆಯೇ ನಿಯಮ ಮಾಡಿದಳು. ಅದನ್ನು ತನ್ನ ವಿಷಯದಲ್ಲಿ ಮಾತ್ರ ಪಾಲಿಸಲಿಲ್ಲ. ಜಗತ್ತಿನ ಕಲ್ಲುಮಣ್ಣುಗಳನ್ನೆಲ್ಲಾ ಅಳೆದ ಆ ಕೈಗಳು ತನ್ನ ದೇಹದ ಮೇಲಿನ ಹೊರೆಯನ್ನು ಅಳೆಯದೆ ಬಿಟ್ಟುವು. ಹೆಂಗಸರಲ್ಲಿ ಇದು ಹೊಸದಲ್ಲ. ಮನೆಯವರೆಲ್ಲರ ಜ್ವರವನ್ನು ನೋಡುವ ತಾಯಿಯು ತನ್ನದನ್ನು ನೋಡಿಕೊಳ್ಳುವುದಿಲ್ಲ. ಇದನ್ನು ಗುಣವೆಂದು ಹೊಗಳುವ ವಾಡಿಕೆಯಿದೆ, ನಾವು ಹೊಗಳುವುದಿಲ್ಲ. ೧೯೩೪ರ ಜುಲೈ ೪ನೆಯ ತಾರೀಖಿನಲ್ಲಿ ಆಲ್ಪ್ಸ್ ಪರ್ವತದ ಆರೋಗ್ಯಧಾಮವೊಂದರಲ್ಲಿ, ಮೂಳೆಯೊಳಗಿನ ಮಜ್ಜೆಯು ರಕ್ತವನ್ನು ಹುಟ್ಟಿಸಲಾರದೆ, ಆಕೆ ತೀರಿಕೊಂಡಳು. ಆಗ ಆಕೆಗೆ ೬೬ ವರ್ಷ. ಸೋ ಎಂಬ ಊರಿನಲ್ಲಿ ಪಿಯೇರನ ಸಮಾಧಿಯ ಬಳಿಯಲ್ಲಿ ಹೂಳಿದರು.

ಗಣಿಯಲ್ಲಿದ್ದ ಅನಿಲವು ಗೃಹಸ್ಥರ ಮನೆಯಲ್ಲಿಯೂ ಅಪಾಯಕರವಾಗಬಲ್ಲದೆಂಬುದು ಲೋಕದ ಮನಸ್ಸಿಗೆ ನಾಟಿದುದು ಆಕೆಯು ತೀರಿಕೊಂಡ ಐವತ್ತು ವರ್ಷಗಳ ಮೇಲೆ. ೧೯೮೪ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಲಿಮರಿಕ್ ಎಂಬಲ್ಲಿ ಇನ್ನೂ ಕೆಲಸವನ್ನಾರಂಭಿಸದಿದ್ದ ಅಣುವಿದ್ಯುತ್ ಸ್ಥಾವರವೊಂದರ ನೌಕರನು ಕಿರಣಗಳನ್ನು ಪತ್ತೆಮಾಡುವ ಬಾಗಿಲಿನಲ್ಲಿ ಹಾಯ್ದಾಗಲೆಲ್ಲಾ ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು. ಹುಡುಕಿದಾಗ ಆತನು ಅದನ್ನು ಮನೆಯಿಂದಲೇ ಹೊತ್ತು ತರುತ್ತಿದ್ದನೆಂದು ತಿಳಿಯಿತು. ಆತನ ಮನೆಯ ಗಾಳಿಯಲ್ಲಿ ಒಂದು ಲೀಟರಿಗೆ ಸುಮಾರು ೨,೭೦೦ ಪಿಕೋಕ್ಯೂರಿ ರೇಡಾನ್ ಇತ್ತು. ಆ ದೇಶದ ಸರಕಾರವು ಮನೆಯನ್ನು ಸರಿಪಡಿಸಬೇಕೆಂದು ಅನಂತರ ಗೊತ್ತುಮಾಡಿದ ಮಿತಿಯು ಕೇವಲ ೪. ನೆರೆಮನೆಗಳಲ್ಲಿ ಅಷ್ಟೊಂದು ಇರಲಿಲ್ಲ.

ಆಸ್ಟ್ರಿಯದ ಟಿರೋಲ್ ಪ್ರಾಂತದಲ್ಲಿ ಉಮ್‌ಹೌಸನ್ ಎಂಬ ಬೆಟ್ಟದ ಹಳ್ಳಿಯಿದೆ. ಅಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರು ಹೆಚ್ಚಾಗಿದ್ದಾರೆಂದು ಕಂಡು, ೧೯೯೦ರ ದಶಕದ ಆರಂಭದಲ್ಲಿ ಊರಿನ ಮನೆಗಳ ಗಾಳಿಯನ್ನು ಅಳೆದರು. ಸಾವಿರಾರು ವರ್ಷಗಳ ಹಿಂದೆ ಬೆಟ್ಟವೊಂದು ಕುಸಿದು ಬಿದ್ದ ಒಡಕುಕಲ್ಲುಗಳ ಮೇಲೆ ಊರಿನ ಒಂದು ಭಾಗವು ನಿಂತಿತ್ತು. ಅನಿಲವು ವಿಪರೀತವಾಗಿದ್ದುದು ಆ ಭಾಗದ ಮನೆಗಳಲ್ಲಿ. ಒಂದೇ ಊರು, ಒಂದೇ ದೇವಾಲಯದ ಗಂಟೆಯನ್ನು ಕೇಳಿ ಏಳುವ ಜನ. ಆದರೆ ಉಸಿರಾಡುವ ಗಾಳಿ ಬೇರೆ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ದೇಶದೇಶಕ್ಕೆ ನೂರಕ್ಕೆ ೩ರಿಂದ ೧೪ ಪಾಲು ರೇಡಾನಿನಿಂದ ಬರುವಂಥದು. ಹೊಗೆಬತ್ತಿ ಸೇದುವವರಿಗೆ ಇದರಿಂದ ಆಗುವ ಹಾನಿಯು ಸೇದದವರಿಗಿಂತ ಬಹುಪಾಲು ಹೆಚ್ಚು. ಘನಮೀಟರೊಂದಕ್ಕೆ ೧೦೦ ಬೆಕೆರೆಲನ್ನು ಮಿತಿಯಾಗಿಟ್ಟುಕೊಳ್ಳಬೇಕು, ಅದು ಸಾಧ್ಯವಿಲ್ಲದ ದೇಶಗಳಲ್ಲಿಯೂ ೩೦೦ನ್ನು ಮೀರಬಾರದು ಎಂಬುದು ಆ ಸಂಸ್ಥೆಯ ಸೂಚನೆ. ಒಂದು ಲೀಟರಿಗೆ ಒಂದು ಪಿಕೋಕ್ಯೂರಿ ಎಂದರೆ ಘನಮೀಟರಿಗೆ ೩೭ ಬೆಕೆರೆಲ್. ಆದುದರಿಂದ ಅಮೆರಿಕದವರ ೪ ಎಂಬುದು ೧೪೮ ಆಗುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಶೀತದೇಶಗಳಲ್ಲಿ ಮನೆಮಾಡಿರುವವರು ಈ ಮಾತುಗಳನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿಯ ಮನೆಗಳಿಗೆ ನೆಲಮಾಳಿಗೆಯುಂಟು. ಚಳಿಗಾಲದಲ್ಲಿ ಕಿಟಕಿಬಾಗಿಲುಗಳು ಭದ್ರವಾಗಿ ಮುಚ್ಚಿರುತ್ತವೆ. ಒಳಗಿನ ಬೆಚ್ಚನೆಯ ಗಾಳಿಯು ಮೇಲೇರುತ್ತಾ ನೆಲದ ಬಿರುಕುಗಳಿಂದ ಮಣ್ಣಿನ ಅನಿಲವನ್ನು ಒಳಕ್ಕೆಳೆದುಕೊಳ್ಳುತ್ತದೆ. ಪರೀಕ್ಷೆಯು ಅಡುಗೆಗಿಂತ ಸುಲಭ. ಇದ್ದಲು ತುಂಬಿದ ಸಣ್ಣ ಡಬ್ಬಿಯೊಂದು ದೊರೆಯುತ್ತದೆ. ಜನರು ವಾಸಿಸುವ ಅತ್ಯಂತ ಕೆಳಗಿನ ಅಂತಸ್ತಿನ ಕೋಣೆಯಲ್ಲಿ, ನೆಲದಿಂದ ಒಂದೂವರೆ ಎರಡು ಅಡಿಗಳ ಮೇಲೆ, ಕಿಟಕಿಯಿಂದ ದೂರವಾಗಿ ಅದನ್ನು ಎರಡರಿಂದ ಏಳು ದಿನಗಳವರೆಗೆ ಇಡಬೇಕು. ಅಡುಗೆಮನೆಯಲ್ಲಿಯೂ ಬಚ್ಚಲಿನಲ್ಲಿಯೂ ಇಡಕೂಡದು. ಹನ್ನೆರಡು ಗಂಟೆಗಳ ಮುಂಚೆಯೇ ಕಿಟಕಿಗಳನ್ನೂ ಹೊರಬಾಗಿಲುಗಳನ್ನೂ ಮುಚ್ಚಿರಬೇಕು. ಆಮೇಲೆ ತಡಮಾಡದೆ ಪರೀಕ್ಷಾಲಯಕ್ಕೆ ಕಳುಹಿಸಬೇಕು, ಏಕೆಂದರೆ ಹಿಂದೆ ಹೇಳಿದಂತೆ ನಾಲ್ಕು ದಿನಗಳೊಳಗೆ ಅರ್ಧವು ಕರಗಿಹೋಗುತ್ತದೆ. ಇನ್ನೂ ನಂಬಿಕೆಯಾದುದು ಪ್ಲಾಸ್ಟಿಕ್ಕಿನ ತುಂಡಿರುವ ಚಿಕ್ಕ ಕರಡಿಗೆ. ಮೂರು ತಿಂಗಳಿನಿಂದ ಒಂದು ವರ್ಷದವರೆಗೆ ಕಪಾಟಿನ ಮೇಲೆ ಬಿಟ್ಟರೆ ಕಣಗಳು ಅದರ ಮೇಲೆ ಗೀರುಗಳನ್ನು ಬಿಡುತ್ತವೆ, ಅವನ್ನು ಎಣಿಸಿ ಪ್ರಮಾಣವನ್ನು ಹೇಳುತ್ತಾರೆ. ಹೆಚ್ಚಾಗಿದ್ದರೆ ಮನೆ ಬಿಟ್ಟೋಡಬೇಕಾಗಿಲ್ಲ. ನೆಲದ ಕೆಳಗಿನಿಂದ ಕೊಳವೆಯೊಂದನ್ನು ಹಾಕಿ, ಬೀಸಣಿಗೆಯ ಯಂತ್ರದಿಂದ ಅನಿಲವನ್ನು ಎಳೆದು ಸೂರಿನ ಮೇಲೆ ಬಿಟ್ಟರೆ ಮುಗಿಯಿತು. ಪೆನ್ಸಿಲ್ವೇನಿಯಾದ ಆ ಮನೆಯನ್ನೂ ನೆಲದ ಕೆಳಗಿನ ಗಾಳಿಯನ್ನು ಹೊರಸೆಳೆದೇ ಸರಿಪಡಿಸಿದರು. ನೆರೆಯವರು ಪರೀಕ್ಷೆ ಮಾಡಿಸಿದ್ದಾರೆ, ಅವರಲ್ಲಿ ಇಲ್ಲ, ಆದುದರಿಂದ ನಮ್ಮಲ್ಲಿಯೂ ಇಲ್ಲ ಎಂಬ ವಾದವು ಮಾತ್ರ ಸಲ್ಲದು.

ನಮ್ಮ ನಾಡಿನಲ್ಲಿಯೂ ಮೈಸೂರು, ಮಂಗಳೂರು ವಿಶ್ವವಿದ್ಯಾನಿಲಯಗಳವರು ಮನೆಗಳೊಳಗಿನ ರೇಡಾನನ್ನು ಅಳೆದಿದ್ದಾರೆ. ಕಿಟಕಿಗಳನ್ನು ಹಗಲೆಲ್ಲಾ ತೆರೆದಿಡುವ, ಹೆಂಚಿನ ಸಂದುಗಳಲ್ಲಿ ಗಾಳಿಯಾಡುವ ಮನೆಯಲ್ಲಿ ಅನಿಲವು ನಿಲ್ಲುವುದು ಕಡಮೆ. ಪೋಷಕರು ಹೆದರಬೇಕಾಗಿಲ್ಲ. ಆದರೆ ಈಗ ಕಿಟಕಿ ತೆರೆಯದೆ ತಂಪುಯಂತ್ರವನ್ನು ನಡೆಯಿಸುವ ಮಲಗುವ ಕೋಣೆಗಳು ಹೆಚ್ಚುತ್ತಿವೆ. ಬೆಳಿಗ್ಗೆ ಎದ್ದೊಡನೆ ಅವನ್ನು ತೆರೆಯುವ ಹಳೆಯ ರೂಢಿಯನ್ನು ಬಿಡದಿರುವುದು ಲೇಸು.

ಪ್ಯಾರಿಸಿನ ಸಮೀಪದ ನೊಝಾನ್ ಎಂಬ ಊರಿನಲ್ಲಿ ೧೯೦೪ರಿಂದ ರೇಡಿಯಂ ಕಾರ್ಖಾನೆಯೊಂದಿತ್ತು. ಕ್ಯೂರಿ ದಂಪತಿಗಳೊಡನೆ ಅದಕ್ಕೆ ನಿಕಟ ಸಂಬಂಧವಿತ್ತು. ಕಾರ್ಖಾನೆ ಮುಚ್ಚಿ ಬಹುಕಾಲವಾದ ಮೇಲೆ ಆ ನೆಲದ ಮೇಲೆ ಮಕ್ಕಳ ಪಾಠಶಾಲೆಯನ್ನು ಕಟ್ಟಿ, ಅದಕ್ಕೆ ಮೇರಿ ಕ್ಯೂರಿಯ ಹೆಸರನ್ನೇ ಇಟ್ಟರು. ಮಕ್ಕಳು ಅಲ್ಲಿ ಮೂರು ದಶಕಗಳ ಹತ್ತಿರ ಓದಿದರು. ಒಳಗಿನ ಗಾಳಿಯಲ್ಲಿ ರೇಡಾನ್ ಮಿತಿಮೀರಿದ್ದ ಕಾರಣ ೧೯೯೮ರಲ್ಲಿ ಶಾಲೆಯನ್ನು ಮುಚ್ಚಿ, ಮುಂದೆ ಕಟ್ಟಡವನ್ನು ಕೆಡವಿದರು. ಶಾಲೆಯನ್ನು ನಡೆಯಿಸುವವರಾಗಿ ಈ ಸಂಗತಿಯನ್ನು ಓದಿದಾಗ ನಮ್ಮ ಮನಸ್ಸು ಬಹಳ ಕಲಕಿತು.

ಅದಕ್ಕೆ ಮೂರು ವರ್ಷಗಳ ಮುಂಚೆ, ೧೯೯೫ರ ಏಪ್ರಿಲಿನಲ್ಲಿ, ಕ್ಯೂರಿ ದಂಪತಿಗಳ ಅಸ್ಥಿಗಳನ್ನು ಫ್ರಾನ್ಸಿನ ಮಹನೀಯರ ಸಮಾಧಿಮಂದಿರವಾದ ಪಾಂಥೆಯಾನಿಗೆ ಸಾಗಿಸಿದ್ದರು. ತನ್ನ ಸ್ವಂತ ಯೋಗ್ಯತೆಯಿಂದ ಆ ಮಂದಿರದಲ್ಲಿ ಸ್ಥಾನ ಪಡೆದ ಮೊದಲನೆಯ ಹೆಂಗಸು ಆಕೆ. ಸಾಗಿಸುವುದಕ್ಕೆ ಮುಂಚೆ ಸೋ ಊರಿನ ಸಮಾಧಿಯನ್ನು ತೆರೆಯುವಾಗ ಕಿರಣಗಳಿಂದ ಜನರನ್ನು ಕಾಪಾಡುವ ಇಲಾಖೆಯವರನ್ನು ಕರೆಸಿದ್ದರು. ಆಕೆಯ ಪೆಟ್ಟಿಗೆಯೊಳಗೆ ಸೀಸದ ಪೆಟ್ಟಿಗೆಯೊಂದು ಇತ್ತು. ಅದರೊಳಗಿನ ಗಾಳಿಯನ್ನು ಅಳೆದು ನೋಡಿ, ಎಣಿಸಿದ್ದಕ್ಕಿಂತ ಕಡಮೆಯಿದೆಯೆಂದು ಬರೆದರು. ರೇಡಿಯಮ್ಮಿಗಿಂತಲೂ ಯುದ್ಧಕಾಲದ ಕ್ಷ-ಕಿರಣಗಳೇ ಆಕೆಯ ಸಾವಿಗೆ ಕಾರಣವಾಗಿದ್ದಿರಬಹುದೆಂದು ಅಭಿಪ್ರಾಯಪಟ್ಟರು. ಆಕೆಯ ಪ್ರಯೋಗದ ನೋಟುಪುಸ್ತಕಗಳು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಗಳಲ್ಲಿವೆ.